‘ತಿಳೀತ್ರೀ ಸರ’ ಅಂದವರಲ್ಲಿ ತಿಳಿದವರೆಷ್ಟು?

ಸೇಡಂ ಇರಲಿ, ಶಹಾಪುರ ಇರಲಿ, ಔರಾದ್ ಇರಲಿ, ಪಾಠ ಮುಗಿಸಿದ ಮಾಸ್ತರರು ‘ತಿಳೀತೇನ್ರೋ?’ ಅಂದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ತಿಳೀತ್ರೀ ಸರ’ ಅನ್ನುತ್ತದೆ. ಮುಂದಿನ ಸಾಲಿನ ನಾಲ್ವರು ಕೈ ಎತ್ತುತ್ತಾರೆ, ಒಬ್ಬ ಸರಿಯುತ್ತರ ಹೇಳುತ್ತಾನೆ, ಪಾಠ ಮುಂದೆ ಹೋಗುತ್ತದೆ. ಉಳಿದ ಮಕ್ಕಳ ತಲೆಯಲ್ಲಿ ಏನಿದೆ ಅನ್ನುವುದು ಗೊತ್ತಾಗುವುದು ಪರೀಕ್ಷೆಯ ದಿನ. ಅಷ್ಟರಲ್ಲಿ ಆ ಅಧ್ಯಾಯ ದಾಟಿ ತಿಂಗಳಾಗಿರುತ್ತದೆ.

ಇದನ್ನು ಅಲ್ಲೇ, ಆ ತಾಸಿನಲ್ಲೇ ತಿಳಿಯಲು ಮಗುವಿಗೊಂದು ಟ್ಯಾಬ್ಲೆಟ್ ಬೇಕಿಲ್ಲ. ಮಾಸ್ತರರ ಕೈಯಲ್ಲಿ ಒಂದು ಫೋನು, ಮಕ್ಕಳ ಕೈಯಲ್ಲಿ ಒಂದೊಂದು ಕಾಗದದ ಕಾರ್ಡು ಸಾಕು. ಪ್ಲಿಕರ್ಸ್ ಎಂಬ ಅಪ್ಲಿಕೇಶನ್ ನಡೆಯುವುದು ಹೀಗೆ. ಕಾರ್ಡಿನ ಮೇಲೆ ಕ್ಯೂಆರ್ ಕೋಡನ್ನು ಹೋಲುವ, ಆದರೆ ಅದಕ್ಕಿಂತ ದಪ್ಪ ಗೆರೆಗಳ ಕಪ್ಪು ಆಕೃತಿ ಇರುತ್ತದೆ. ಪ್ರತಿ ಮಗುವಿನ ಆಕೃತಿಯೂ ಬೇರೆ, ಕಾರ್ಡಿಗೊಂದು ನಂಬರೂ ಇರುತ್ತದೆ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣಗೆ ಬರೆದಿರುತ್ತದೆ. ಯಾವ ಅಕ್ಷರ ಮೇಲೆ ಬರುವಂತೆ ಹಿಡಿದರೋ ಅದೇ ಉತ್ತರ. ಅಕ್ಷರ ಸಣ್ಣದಿರುವುದರಿಂದ ಪಕ್ಕದವನಿಗೆ ಸುಲಭವಾಗಿ ಕಾಣುವುದಿಲ್ಲ. ಮಾಸ್ತರರು ಫೋನಿನ ಕ್ಯಾಮೆರಾವನ್ನು ಸಾವಕಾಶ ಎಡದಿಂದ ಬಲಕ್ಕೆ ತಿರುಗಿಸಿದರೆ ಯಾರ ಉತ್ತರ ಏನು ಅನ್ನುವುದು ಪರದೆಯ ಮೇಲೆ ಬರುತ್ತದೆ.

ಕ್ಯಾಮೆರಾ ಎಲ್ಲಿ ಎಡವುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ತಲೆನೋವು ತಪ್ಪುತ್ತದೆ. ಅದು ಮೊದಲು ಕಪ್ಪು ಬಿಳಿ ಕೂಡುವ ಅಂಚನ್ನು ಹುಡುಕುತ್ತದೆ, ಓರೆಯಾಗಿ ಕಂಡ ಚೌಕವನ್ನು ಲೆಕ್ಕದಲ್ಲೇ ನೆಟ್ಟಗೆ ಮಾಡಿಕೊಳ್ಳುತ್ತದೆ, ಆಮೇಲೆ ಆಕೃತಿಯೊಳಗಿನ ಸಣ್ಣ ಚೌಕದ ಮನೆಗಳಲ್ಲಿ ಯಾವುದು ಕಪ್ಪು, ಯಾವುದು ಬಿಳಿ ಎಂದು ಓದುತ್ತದೆ. 1920 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಗಲದ ಚಿತ್ರದಲ್ಲಿ ಕೋಣೆಯ 9 ಮೀಟರ್ ಅಗಲ ಹಿಡಿಸಿದರೆ, ಹಿಂದಿನ ಸಾಲಿನ 12 ಸೆಂ.ಮೀ. ಆಕೃತಿಗೆ ಸಿಗುವುದು ಸುಮಾರು 25 ಪಿಕ್ಸೆಲ್. ಸಾಲಿಗೆ ಐದು ಮನೆಗಳಿದ್ದರೆ ಒಂದಕ್ಕೆ ಐದೇ ಪಿಕ್ಸೆಲ್. ಮಗು ಕಾರ್ಡನ್ನು ಬೀಸಿದರೆ ಅಷ್ಟೂ ಕಲಸಿಹೋಗುತ್ತದೆ. ಬೆರಳು ಕಪ್ಪಿನ ಮೇಲೆ ಬಂದರೂ ಓದುವುದಿಲ್ಲ, ಬಿಳಿ ಅಂಚನ್ನಷ್ಟೇ ಹಿಡಿಯಬೇಕು. ಬಾಳಿಕೆ ಬರಲಿ ಎಂದು ಕಾರ್ಡಿಗೆ ಹೊಳಪಿನ ಲ್ಯಾಮಿನೇಶನ್ ಮಾಡಿಸುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಕಡೆಯ ಬಿಸಿಲು ಕಿಟಕಿಯಿಂದ ಬಿದ್ದರೆ ಆ ಹೊಳಪಿನಲ್ಲಿ ಕಪ್ಪೂ ಬೆಳ್ಳಗಾಗುತ್ತದೆ. ಎ4 ಹಾಳೆಗೆ ಎರಡರಂತೆ ದಪ್ಪ ಕಾಗದದಲ್ಲಿ ಮುದ್ರಿಸಿದರೆ 40 ಮಕ್ಕಳಿಗೆ 20 ಹಾಳೆ. ಹಾಳಾದರೆ ಆ ನಂಬರಿನದನ್ನಷ್ಟೇ ಮತ್ತೆ ತೆಗೆದರಾಯಿತು.

ಯಂತ್ರದ ಕತೆ ಇಷ್ಟೇ. ಕಷ್ಟದ ಕೆಲಸ ಪ್ರಶ್ನೆ ಬರೆಯುವುದು. ತರಗತಿಯಲ್ಲಿ ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಮುಗಿಸಿದ್ದೀರಿ ಅನ್ನಿ. ಬೀದರಿನ ಬಿದರಿ ಹೂಜಿ ಕಣ್ಣೆದುರೇ ಇದೆ: ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿಯ ಹೂವು ಕೂರಿಸಿ, ಕೋಟೆಯ ಮಣ್ಣು ಮತ್ತು ಅಮೋನಿಯಂ ಕ್ಲೋರೈಡ್ ಕಲಸಿ ಉಜ್ಜುತ್ತಾರೆ. ಹೂಜಿ ಕಪ್ಪಾಗುತ್ತದೆ. ಯಾಕೆ? ಎ) ಮಣ್ಣಿನ ಬಣ್ಣ ಪದರವಾಗಿ ಅಂಟಿತು. ಬಿ) ಬಿಸಿಗೆ ಮಸಿ ಹಿಡಿಯಿತು. ಸಿ) ಲೋಹದ ಮೇಲ್ಮೈಯೇ ಬೇರೆ ವಸ್ತುವಾಯಿತು. ಡಿ) ಬೆಳ್ಳಿ ಕರಗಿ ಬೆರೆಯಿತು.

ಸರಿಯುತ್ತರ ಸಿ. ಅದರಲ್ಲಿ ‘ರಾಸಾಯನಿಕ’ ಎಂಬ ಪದ ಬೇಕೆಂದೇ ಇಲ್ಲ. ಪಠ್ಯಪುಸ್ತಕದ ಪದ ಒಂದೇ ಆಯ್ಕೆಯಲ್ಲಿದ್ದರೆ ಮಕ್ಕಳು ವಾಸನೆ ಹಿಡಿದು ಅದನ್ನೇ ತೋರಿಸುತ್ತಾರೆ. ಎ ತೋರಿಸಿದ ಮಗುವಿಗೆ ಬಣ್ಣ ಅಂದರೆ ಬಳಿಯುವುದು ಮಾತ್ರ. ಬಿ ತೋರಿಸಿದ ಮಗು ಅಡುಗೆಮನೆಯ ಪಾತ್ರೆ ನೆನೆದಿದೆ. ಇಬ್ಬರಿಗೂ ಒಂದೇ ಮರುಪ್ರಶ್ನೆ ಸಾಕು: ಹಾಗಿದ್ದರೆ ಬೆಳ್ಳಿ ಹೂವು ಯಾಕೆ ಕಪ್ಪಾಗಲಿಲ್ಲ? ಯಾರೂ ಆರಿಸದ ಆಯ್ಕೆ ದಂಡ. ಡಿಯನ್ನು ಎರಡು ವರ್ಷ ಯಾರೂ ಮುಟ್ಟದಿದ್ದರೆ ತೆಗೆದುಹಾಕಿ.

ಉತ್ತರ ಬಂದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ ಒಳ್ಳೆಯ ಅಳತೆ. ಸರಿಯುತ್ತರ ಶೇ. 30ಕ್ಕಿಂತ ಕಡಿಮೆಯಾದರೆ ಮತ್ತೆ ಪಾಠ ಮಾಡಬೇಕು. ಶೇ. 70 ದಾಟಿದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಬಹುದು. ನಡುವೆ ಬಿದ್ದರೆ ಉತ್ತರ ಹೇಳದೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ಎರಡು ಮೂರು ನಿಮಿಷ ವಾದಿಸಲು ಬಿಟ್ಟು ಮತ್ತೆ ಕಾರ್ಡ್ ಎತ್ತಿಸಬೇಕು. ಮೊದಲ ಸುತ್ತಿನ ಫಲಿತಾಂಶವನ್ನು ಪರದೆಗೆ ಹಾಕಬಾರದು, ಹಾಕಿದರೆ ಎಲ್ಲರೂ ಹೆಚ್ಚು ಮಂದಿ ಆರಿಸಿದ ಉತ್ತರದ ಕಡೆ ವಾಲುತ್ತಾರೆ. ಕಣ್ಣುಮುಚ್ಚಿ ಎತ್ತಿದರೂ ನಾಲ್ಕರಲ್ಲೊಂದು ಸರಿ ಬರುತ್ತದೆ. 40 ಮಕ್ಕಳಲ್ಲಿ 10 ಜನ. ಶೇ. 30 ಅಂದರೆ 12 ಜನ. ಅಂದರೆ ಏನೂ ತಿಳಿದಿಲ್ಲ ಅನ್ನುವುದಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಅದೇ ವಿಷಯವನ್ನು ಬೇರೆ ರೂಪದಲ್ಲಿ ಇನ್ನೊಮ್ಮೆ ಕೇಳಿದರೆ, ಎರಡನ್ನೂ ಅದೃಷ್ಟದ ಮೇಲೆ ಗೆಲ್ಲುವವರು ಎರಡು ಮೂರು ಮಂದಿಗೆ ಇಳಿಯುತ್ತಾರೆ.

ಇದಕ್ಕೆ ಅಂಕ ಮಾತ್ರ ಕೊಡಬಾರದು. ಕೊಟ್ಟ ದಿನದಿಂದ ಮಕ್ಕಳು ಜಾಣ ಹುಡುಗಿಯ ಕಾರ್ಡಿನ ಸಣ್ಣ ಅಕ್ಷರವನ್ನೂ ಇಣುಕಿ ನೋಡಿ ತಮ್ಮದನ್ನು ತಿರುಗಿಸುತ್ತಾರೆ.

ಬೀದರಿನಲ್ಲಿ ಮನೆಯಲ್ಲಿ ಮರಾಠಿ, ಉರ್ದು, ಯಾದಗಿರಿಯ ಗಡಿಯಲ್ಲಿ ತೆಲುಗು ಆಡುವ ಮಕ್ಕಳಿದ್ದಾರೆ. ತಪ್ಪುತ್ತರ ವಿಜ್ಞಾನದ್ದೋ ಭಾಷೆಯದ್ದೋ ತಿಳಿಯಲು ಪ್ರಶ್ನೆಯನ್ನು ಎರಡು ಸಲ ಗಟ್ಟಿಯಾಗಿ ಓದಿ. ಸರಿಯುತ್ತರಕ್ಕೆ ಬಂದಾಗ ದನಿ ಏರದಿರಲಿ.

ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಗೂಗಲ್ ಫಾರ್ಮ್ಸ್ ಬಳಸುವವರಿಗೆ ಬೇರೆ ತೊಡಕು. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಬರೆದು ಅಂಟಿಸಿದ ಪ್ರಶ್ನೆ ಗೊಜಲಾಗುತ್ತದೆ, ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್‌ಗೆ ಬದಲಿಸಲೇಬೇಕು. ಟೈಪ್ ಮಾಡುವ ಉತ್ತರದಲ್ಲಿ ‘ಬೀದರ್’ ಸರಿ ಎಂದು ಕೊಟ್ಟಿದ್ದರೆ ‘ಬೀದರ’ ಬರೆದವರಿಗೆ ಸೊನ್ನೆ. ಆ ಸೊನ್ನೆಯದೂ ಒಂದು ಕಾಟ: ಕನ್ನಡ ಅಂಕಿ ೦, ಅನುಸ್ವಾರದ ಬೊಟ್ಟು, ಇಂಗ್ಲಿಷಿನ ಓ ಕಣ್ಣಿಗೆ ಒಂದೇ, ಯಂತ್ರಕ್ಕೆ ಮೂರು. ಒಪ್ಪುವ ರೂಪಗಳನ್ನೆಲ್ಲ ಮೊದಲೇ ಸೇರಿಸಿಡಿ, ಇಲ್ಲವೇ ಆಯ್ಕೆಯ ಪ್ರಶ್ನೆ ಕೇಳಿ.

ಹೀಗೆ ಉಳಿಯುವ ಉತ್ತರಗಳ ದಾಖಲೆಯ ನಿಜವಾದ ಬೆಲೆ ಗೊತ್ತಾಗುವುದು ಗುಳೆ ಹೋಗಿಬಂದ ಮಕ್ಕಳ ವಿಷಯದಲ್ಲಿ. ಕಾರ್ಡಿನ ನಂಬರನ್ನು ವರ್ಷವಿಡೀ ಒಬ್ಬರಿಗೇ ಇಡಬೇಕು, ಗೈರಾದವರ ಕಾರ್ಡನ್ನು ಇನ್ನೊಬ್ಬರಿಗೆ ಕೊಡಬಾರದು. ಆಗ ಪಟ್ಟಿಯಲ್ಲಿ ತಪ್ಪು ಬೇರೆ, ಖಾಲಿ ಬೇರೆ ಆಗಿ ನಿಲ್ಲುತ್ತದೆ. ಅಪ್ಪ ಅಮ್ಮನ ಜೊತೆ ಮುಂಬೈಗೋ ಬೆಂಗಳೂರಿಗೋ ಹೋಗಿ ಎರಡು ತಿಂಗಳಾದ ಮೇಲೆ ಬಂದ ಮಗುವಿನ ಸಾಲಿನಲ್ಲಿ ಖಾಲಿ ಮನೆಗಳನ್ನು ಎಣಿಸಿ, ಆ ಪ್ರಶ್ನೆಗಳನ್ನಷ್ಟೇ ಬಿಡುವಿನಲ್ಲಿ ಬಾಯಲ್ಲಿ ಕೇಳಿ. ಕೆಲವನ್ನು ಅದು ಹೇಗೋ ಕಲಿತೇ ಇರುತ್ತದೆ. ಉಳಿದದ್ದಕ್ಕೆ ಮಾತ್ರ ಪಾಠ ಬೇಕು. ಪಟ್ಟಿಯಲ್ಲಿ ಪೂರ್ತಿ ಹೆಸರು, ಶಿಕ್ಷಣ ಇಲಾಖೆಯ ದಾಖಲೆಯಲ್ಲಿರುವ ಮಗುವಿನ ಎಸ್‌ಎಟಿಎಸ್ ಸಂಖ್ಯೆ ಹಾಕಬೇಡಿ. ಕಾರ್ಡಿನ ನಂಬರು ಸಾಕು, ಯಾವ ನಂಬರು ಯಾರದು ಅನ್ನುವುದು ಹಾಜರಿ ಪುಸ್ತಕದಲ್ಲಿರಲಿ.