ಡಾನ್ಸಿಗ್‌ನ 25 ಗುಲ್ಡನ್: ತಕ್ಕಡಿಯ ಲೆಕ್ಕಕ್ಕೆ ಸಿಗದ ಚಿನ್ನದ ನಾಣ್ಯ

ಹಳೇ ಚಿನ್ನದ ನಾಣ್ಯ ತಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಚಿನ್ನ ಎಷ್ಟಿದೆ? ಡಾನ್ಸಿಗ್‌ನ 25 ಗುಲ್ಡನ್ ನಾಣ್ಯದ ವಿಷಯದಲ್ಲಿ ಉತ್ತರ ಸುಲಭ. ತೂಕ 7.988 ಗ್ರಾಂ, 22 ಕ್ಯಾರೆಟ್. ಬ್ರಿಟಿಷರ ಒಂದು ಪೌಂಡಿನ ಚಿನ್ನದ ನಾಣ್ಯ ಸಾವರಿನ್‌ನ ತೂಕವೂ ಇಷ್ಟೇ. ಮಂಗಳೂರು, ಉಡುಪಿ ಕಡೆಯವರ ಲೆಕ್ಕದಲ್ಲಿ ಒಂದು ಪವನ್, ಅಂಗಡಿಯವರ ಮಾತಿನಲ್ಲಿ 916. ಆದರೆ ಯಾರಾದರೂ ಈ ನಾಣ್ಯವನ್ನು ಬರೀ ಚಿನ್ನದ ರೇಟಿಗೆ ಮಾರಲು ಬಂದರೆ, ಒಂದೋ ಅದು ಏನು ಅಂತ ಅವರಿಗೆ ಗೊತ್ತಿಲ್ಲ, ಇಲ್ಲಾ ನಾಣ್ಯವೇ ಅಸಲಿ ಅಲ್ಲ. ಎರಡನೆಯದರ ಅನುಮಾನವೇ ನನಗೆ ಜಾಸ್ತಿ.

ಡಾನ್ಸಿಗ್ ಅಂದರೆ ಇವತ್ತಿನ ಪೋಲೆಂಡ್‌ನ ಗ್ದಾನ್ಸ್ಕ್. ಮೊದಲ ಮಹಾಯುದ್ಧ ಮುಗಿದಾಗ ಈ ಬಂದರನ್ನು ಯಾರಿಗೆ ಕೊಡುವುದು ಅನ್ನುವುದೇ ದೊಡ್ಡ ಜಗಳ. ಹೊಸದಾಗಿ ಹುಟ್ಟಿದ ಪೋಲೆಂಡ್‌ಗೆ ಸಮುದ್ರಕ್ಕೆ ದಾರಿ ಬೇಕಿತ್ತು. ಊರಿನ ಜನರಲ್ಲಿ ಹೆಚ್ಚಿನವರು ಜರ್ಮನ್ನರು. ಕೊನೆಗೆ ವರ್ಸೈ ಒಪ್ಪಂದದ ಪ್ರಕಾರ ಯಾರಿಗೂ ಕೊಡದೆ, ರಾಷ್ಟ್ರ ಸಂಘದ (ಲೀಗ್ ಆಫ್ ನೇಷನ್ಸ್) ರಕ್ಷಣೆಯಲ್ಲಿ 1920ರ ನವೆಂಬರ್ 15ರಂದು ಅದನ್ನು 'ಸ್ವತಂತ್ರ ನಗರ' ಮಾಡಿದರು. ಸ್ವತಂತ್ರ ಅಂದರೂ ಅರ್ಧಂಬರ್ಧ. ವಿದೇಶಾಂಗ ವ್ಯವಹಾರ ಪೋಲೆಂಡ್ ಕೈಯಲ್ಲಿ, ಸುಂಕದ ವ್ಯವಸ್ಥೆಯೂ ಪೋಲೆಂಡ್ ಜೊತೆಗೇ. ದುಡ್ಡು ಮಾತ್ರ ಆಗಲೂ ಜರ್ಮನ್ ಮಾರ್ಕ್.

ತೊಂದರೆ ಬಂದಿದ್ದು ಅಲ್ಲೇ. 1923ರಲ್ಲಿ ಮಾರ್ಕ್ ಎಷ್ಟು ಕುಸಿಯಿತು ಅಂದರೆ, ನವೆಂಬರ್ ಹೊತ್ತಿಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಬೇರೆ ದೇಶದವರ ಹಡಗುಗಳು ಬಂದು ಹೋಗುವ ವ್ಯಾಪಾರದ ಊರು ಈ ದುಡ್ಡು ಇಟ್ಟುಕೊಂಡು ಬದುಕುವುದು ಹೇಗೆ? ರಾಷ್ಟ್ರ ಸಂಘದ ಒಪ್ಪಿಗೆ ಪಡೆದು ಡಾನ್ಸಿಗ್ ಅದೇ ವರ್ಷ ಸ್ವಂತ ನಾಣ್ಯ ತಂದಿತು. ಅದೇ ಗುಲ್ಡನ್. 25 ಗುಲ್ಡನ್‌ಗೆ ಒಂದು ಬ್ರಿಟಿಷ್ ಪೌಂಡ್ ಅಂತ ಗಂಟು ಹಾಕಿದರು. ಚಿನ್ನದ 25 ಗುಲ್ಡನ್ ಯಾಕೆ ಸಾವರಿನ್ ತೂಕದಲ್ಲೇ ಇದೆ ಅಂತ ಈಗ ಗೊತ್ತಾಯಿತಲ್ವಾ? ನಮ್ಮ ದುಡ್ಡು ಕಾಗದದ ಚೂರಲ್ಲ, ಬೇಕಾದರೆ ತೂಗಿ ನೋಡಿ ಅಂತ ಲಂಡನ್ ಕಡೆಗೆ ತೋರಿಸಲು ಮಾಡಿದ ನಾಣ್ಯ ಇದು. ಸಂತೆಯಲ್ಲಿ ಖರ್ಚು ಮಾಡಲು ಮಾಡಿದ್ದೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಂಖ್ಯೆ ನೋಡಿದರೂ ಹಾಗೇ ಅನ್ನಿಸುತ್ತದೆ: 1923ರಲ್ಲಿ ಟಂಕಿಸಿದ್ದು ಸುಮಾರು ಒಂದು ಸಾವಿರ ಮಾತ್ರ. ಲಕ್ಷಗಟ್ಟಲೆ ಜನರಿದ್ದ ನಾಡಿಗೆ ಅದು ಯಾವ ಮೂಲೆಗೆ?

ಒಂದು ಬದಿಯಲ್ಲಿ ನಗರದ ಲಾಂಛನ, ಇನ್ನೊಂದು ಬದಿಯಲ್ಲಿ ತ್ರಿಶೂಲ ಹಿಡಿದ ಸಮುದ್ರ ದೇವ ನೆಪ್ಚೂನ್. 1633ರಲ್ಲಿ ಊರಿನ ಮುಖ್ಯ ಪೇಟೆಯಲ್ಲಿ ಶುರುವಾದ ಕಾರಂಜಿಯ ಪ್ರತಿಮೆಯೇ ಇದು. 1930ರಲ್ಲಿ ಮತ್ತೆ ನಾಲ್ಕು ಸಾವಿರ ಟಂಕಿಸಿದರು, ಆದರೆ ಅವು ಚಲಾವಣೆಗೇ ಬರಲಿಲ್ಲ. 1935ರ ಮೇ ತಿಂಗಳಲ್ಲಿ ಗುಲ್ಡನ್‌ನ ಮೌಲ್ಯವನ್ನು ಸುಮಾರು 42% ಇಳಿಸಿದ ಮೇಲೆ ಒಳಗಿನ ಚಿನ್ನದ ಬೆಲೆ ಮೇಲೆ ಬರೆದ 25ನ್ನು ಎಷ್ಟೋ ಮೀರಿತು. ಇನ್ನು ಅದನ್ನು ಯಾರು ಹೊರಗೆ ಬಿಡುತ್ತಾರೆ? 1939ರ ಸೆಪ್ಟೆಂಬರ್ 1ರಂದು ಜರ್ಮನ್ ಯುದ್ಧನೌಕೆ ಬಂದರಿನ ಬಾಯಲ್ಲಿದ್ದ ಪೋಲಿಷ್ ಸೇನಾ ನೆಲೆ ವೆಸ್ಟರ್‌ಪ್ಲಾಟ್ ಮೇಲೆ ಗುಂಡು ಹಾರಿಸಿತು, ಎರಡನೇ ಮಹಾಯುದ್ಧ ಶುರುವಾಯಿತು, ಸ್ವತಂತ್ರ ನಗರದ ಕಥೆ ಮುಗಿಯಿತು. ಪೂರ್ತಿ ಹತ್ತೊಂಬತ್ತು ವರ್ಷವೂ ಆಗಿರಲಿಲ್ಲ.

ಇನ್ನು ಪರೀಕ್ಷೆಯ ವಿಷಯ. ಗಾಳಿಯಲ್ಲಿ ತೂಗಿ, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ತೂಕ ಸುಮಾರು 0.45 ಗ್ರಾಂ ಇಳಿದರೆ 22 ಕ್ಯಾರೆಟ್ ಚಿನ್ನಕ್ಕೆ ಅದು ಸರಿ. ಬಹಳ ಜನ ಇಲ್ಲಿಗೇ ಖುಷಿಯಾಗಿ ದುಡ್ಡು ಎಣಿಸುತ್ತಾರೆ. ಸ್ವಲ್ಪ ತಡೆಯಿರಿ. ಚಿನ್ನದ ಹಲವು ಪಟ್ಟು ಬೆಲೆ ಬರುವ ನಾಣ್ಯದ ನಕಲನ್ನು ಅಸಲಿ ಚಿನ್ನದಲ್ಲೇ ಮಾಡಿದರೂ ಕಳ್ಳನಿಗೆ ಲಾಭವೇ ಅಲ್ವಾ? ಅದಕ್ಕೇ ತಕ್ಕಡಿ, ಒರೆಗಲ್ಲು, ಅಂಗಡಿಯ ಕ್ಯಾರೆಟ್ ಯಂತ್ರ ಎಲ್ಲ ಪಾಸ್ ಆದರೂ ಇಲ್ಲಿ ಸಾಲದು. ಭೂತಗನ್ನಡಿ ಹಿಡಿದು ನೆಪ್ಚೂನ್‌ನ ಮೈಕಟ್ಟು, ಗಡ್ಡ, ತ್ರಿಶೂಲದ ಮೊನೆಗಳನ್ನು ನೋಡಬೇಕು. ಅಕ್ಷರದ ಅಂಚು ಬೆಣ್ಣೆಯಂತೆ ಮೆತ್ತಗೆ ಕಂಡರೆ, ಖಾಲಿ ಜಾಗದಲ್ಲಿ ಸಣ್ಣ ಗುಳ್ಳೆಗಳಿದ್ದರೆ, ಅಚ್ಚು ಹೊಯ್ದ ನಕಲು ಅಂತ ಅನುಮಾನ ಪಡಿ. ನಾನಂತೂ ಅಂಥ ದುಬಾರಿ ನಾಣ್ಯವನ್ನು ಪಿಸಿಜಿಎಸ್, ಎನ್‌ಜಿಸಿ ಥರದ ಸಂಸ್ಥೆಗಳು ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಟ್ಟಿದ್ದರೆ ಮಾತ್ರ ಮುಟ್ಟಿ ಅಂತಲೇ ಹೇಳುವುದು. ಆ ಡಬ್ಬಿಯನ್ನೂ ನಕಲು ಮಾಡುತ್ತಾರೆ, ಹಾಗಾಗಿ ಅದರ ನಂಬರನ್ನು ಸಂಸ್ಥೆಯ ಸೈಟ್‌ನಲ್ಲಿ ಹಾಕಿ, ಅಲ್ಲಿನ ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಜೊತೆ ಹೋಲಿಸಿ.

ನಮ್ಮವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಕಾಸಿನ ಸರ ನೋಡಿ ಬೆಳೆದ ನಮಗೆ ಚಿನ್ನದ ನಾಣ್ಯ ಕಂಡರೆ ಕೊಂಡಿ ಬೆಸೆದು ಪದಕ ಮಾಡಿಸುವ ಆಸೆ. ಬೆಸುಗೆ ಬಿದ್ದ ನಾಣ್ಯವನ್ನು ಸಂಗ್ರಾಹಕರು ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದಿಲ್ಲ, ಆಮೇಲೆ ಕೊಂಡಿ ತೆಗೆಸಿದರೂ ಅಂಚಿನ ಗುರುತು ಹೋಗುವುದಿಲ್ಲ. ಪಾಲಿಶ್ ಕೂಡ ಬೇಡ.

ಇಷ್ಟು ದುಡ್ಡು ಹಾಕಲು ಮನಸ್ಸಿಲ್ಲದವರು ಅದೇ ಊರಿನ 1932ರ 10 ಫೆನ್ನಿಂಗ್ (ಗುಲ್ಡನ್‌ನ ಚಿಲ್ಲರೆ ನಾಣ್ಯ) ಹುಡುಕಬಹುದು. ಚಿನ್ನವಲ್ಲ, ಅಲ್ಯುಮಿನಿಯಂ ಕಂಚು. ಮೇಲೆ ಕಾಡ್ ಮೀನು ಇದೆ, ನನಗಂತೂ ನೆಪ್ಚೂನ್‌ಗಿಂತ ಅದೇ ಮುದ್ದು.

ಭಾರತದಲ್ಲಿ ಇಂಥ ನಾಣ್ಯ ಇಟ್ಟುಕೊಂಡವರು 1972ರ ಪುರಾತನ ವಸ್ತುಗಳ ಕಾಯ್ದೆಯನ್ನೂ ಗಮನಿಸಿ. ನೂರು ವರ್ಷ ದಾಟಿದ ನಾಣ್ಯ ಅದರ ಪ್ರಕಾರ ಪುರಾತನ ವಸ್ತು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. 1923ರ ನಾಣ್ಯ ಆ ಗಡಿ ದಾಟಿಯಾಗಿದೆ. 1930ರದ್ದಕ್ಕೆ 2030ರವರೆಗೆ ಸಮಯವಿದೆ. ಹೊರಗಿನ ಹರಾಜಿಗೆ ಹಾಕುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ, ಕೊಂಡ ರಸೀದಿಯನ್ನು ಜೋಪಾನವಾಗಿಡಿ.