ಕಮಲ 'ಖಯವ' ಆದಾಗ

ಎನ್‌ಕ್ರಿಪ್ಷನ್, ಅಂದರೆ ಬರಹವನ್ನು ಬೇರೆಯವರಿಗೆ ಅರ್ಥವಾಗದ ಹಾಗೆ ಮಾರ್ಪಡಿಸುವ ವಿದ್ಯೆಯ ಬಗ್ಗೆ ಹೊಸದಾಗಿ ಓದಲು ಶುರು ಮಾಡಿದವರಿಗೆ ಒಂದು ಅನುಮಾನ ಬಂದೇ ಬರುತ್ತದೆ. "ಎಇಎಸ್ ಎಂಬ ಗೂಢಲಿಪಿ ವಿಧಾನ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಇಂಟರ್ನೆಟ್‌ನಲ್ಲೇ ಇದೆಯಲ್ಲ, ಹಾಗಿದ್ದರೆ ಕಳ್ಳನಿಗೂ ಅದು ಗೊತ್ತು ತಾನೆ?" ಗೊತ್ತು. ಎಲ್ಲರಿಗೂ ಗೊತ್ತಿರಲಿ ಅಂತಲೇ ಅದನ್ನು ಬಯಲಿನಲ್ಲಿ ಇಟ್ಟಿದ್ದಾರೆ. ಯಾಕೆ ಅಂತ ತಿಳಿಯಲು ಒಂದು ಕಾಗದ, ಒಂದು ಪೆನ್ನು ಸಾಕು.

'ಕಮಲ' ಅಂತ ಬರೆಯಿರಿ. ವರ್ಣಮಾಲೆಯಲ್ಲಿ ಪ್ರತಿ ವ್ಯಂಜನವನ್ನೂ ಒಂದು ಮನೆ ಮುಂದಕ್ಕೆ ಸರಿಸಿ. ಕ ಹೋಗಿ ಖ, ಮ ಹೋಗಿ ಯ, ಲ ಹೋಗಿ ವ. 'ಖಯವ' ಆಯಿತು. ಜೂಲಿಯಸ್ ಸೀಸರ್ ಮಾಡುತ್ತಿದ್ದದ್ದೂ ಇದನ್ನೇ, ಅವನು ಮೂರು ಮನೆ ಸರಿಸುತ್ತಿದ್ದ. ಇಲ್ಲಿ 'ಸರಿಸುವುದು' ವಿಧಾನ, 'ಎಷ್ಟು ಮನೆ' ಅನ್ನೋದು ಕೀ, ಅಂದರೆ ಗುಟ್ಟಿನ ಕೀಲಿಕೈ. ಕನ್ನಡದ ವ್ಯಂಜನ 34. ಅಂದರೆ 33 ಸಲ ಸರಿಸಿ ನೋಡಿದರೆ ಗುಟ್ಟು ಬಯಲು.

ಸರಿ, ಸರಿಸೋದು ಬೇಡ, ಕಲಸಿಬಿಡೋಣ. ಕ ಇದ್ದಲ್ಲಿ ಥ, ಖ ಇದ್ದಲ್ಲಿ ಳ, ಹೀಗೆ ನಮಗೆ ತೋಚಿದ ಹಾಗೆ. ಸ್ವರದ ಗುರುತುಗಳು ಇದ್ದ ಹಾಗೇ ಇರಲಿ. 34 ಅಕ್ಷರಗಳನ್ನು ಎಷ್ಟು ರೀತಿ ಕಲಸಬಹುದು ಗೊತ್ತಾ? ಆ ಲೆಕ್ಕ 39 ಅಂಕಿಗಳ ಸಂಖ್ಯೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀ ಪರೀಕ್ಷಿಸುವ ಯಂತ್ರ ಇದ್ದರೂ, ಎಲ್ಲವನ್ನೂ ಮುಗಿಸಲು ಬ್ರಹ್ಮಾಂಡದ ವಯಸ್ಸಿನ 60 ಕೋಟಿ ಪಟ್ಟಿಗಿಂತ ಜಾಸ್ತಿ ಸಮಯ ಬೇಕು. 128 ಬಿಟ್‌ನ (ಅಂದರೆ 0 ಅಥವಾ 1ರ 128 ಅಂಕಿ ಉದ್ದದ ಕೀ ಬಳಸುವ) ಎಇಎಸ್‌ಗೆ ಇರುವ ಕೀಗಳ ಸಂಖ್ಯೆಯೂ 39 ಅಂಕಿಗಳದ್ದೇ! ಅಂದರೆ ನಮ್ಮ ಕಲಸಿದ ವರ್ಣಮಾಲೆ ಎಇಎಸ್‌ನಷ್ಟೇ ಗಟ್ಟಿ, ಅಲ್ವಾ?

ಅಲ್ಲ. ನಾಲ್ಕು ಪುಟ ಬರಹ ಸಿಕ್ಕರೆ ತಾಳ್ಮೆ ಇರುವ ಒಬ್ಬ ಮನುಷ್ಯ ಒಂದು ಸಂಜೆಯಲ್ಲಿ ಅದನ್ನು ಬಿಡಿಸುತ್ತಾನೆ. ಯಾಕೆಂದರೆ ಅವನು ಕೀ ಹುಡುಕುವುದೇ ಇಲ್ಲ, ಅಕ್ಷರ ಎಣಿಸುತ್ತಾನೆ. ಕನ್ನಡದಲ್ಲಿ ದ, ನ, ರ, ತ ಹೆಜ್ಜೆಹೆಜ್ಜೆಗೂ ಬರುತ್ತವೆ. ಝ ಅಪರೂಪ, ಙ ಇನ್ನೂ ಅಪರೂಪ. ಅಕ್ಷರದ ವೇಷ ಬದಲಾದರೂ ಎಷ್ಟು ಸಲ ಬರುತ್ತದೆ ಅನ್ನೋದು ಬದಲಾಗುವುದಿಲ್ಲ. ಒಂಬತ್ತನೇ ಶತಮಾನದಲ್ಲೇ ಬಾಗ್ದಾದಿನ ಅಲ್-ಕಿಂದಿ ಈ ಎಣಿಕೆಯ ಉಪಾಯವನ್ನು ಬರೆದಿಟ್ಟಿದ್ದ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಹಾಗಾಗಿ "ನಾನೇ ಒಂದು ಗೂಢಲಿಪಿ ಮಾಡಿದ್ದೇನೆ, ನನಗೇ ಒಡೆಯಲು ಆಗುತ್ತಿಲ್ಲ, ಸೇಫ್ ತಾನೆ?" ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ದಯವಿಟ್ಟು ಅದರಲ್ಲಿ ನಿಜವಾದ ಗುಟ್ಟು ಇಡಬೇಡಿ. ಎಲ್ಲಿ ಸೋರುತ್ತಿದೆ ಅನ್ನೋದು ಮಾಡಿದವರ ಕಣ್ಣಿಗೆ ಬೀಳುವುದು ಕಷ್ಟ. ಬೇರೆಯವರು ಒಡೆಯಲು ನೋಡಬೇಕು, ವರ್ಷಗಟ್ಟಲೆ ನೋಡಬೇಕು. ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು ಅಂತ ಕರ್ಕಾಫ್ಸ್ ಎಂಬ ಭಾಷಾ ಮೇಷ್ಟ್ರು 1883ರಲ್ಲೇ ಬರೆದರು. ಎಇಎಸ್ ಹುಟ್ಟಿದ್ದೂ ಹಾಗೆಯೇ. 1997ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್ಐಎಸ್‌ಟಿ ಬಹಿರಂಗ ಸ್ಪರ್ಧೆ ಕರೆಯಿತು. 15 ವಿಧಾನಗಳು ಕಣಕ್ಕಿಳಿದವು. ಒಬ್ಬರದ್ದನ್ನು ಇನ್ನೊಬ್ಬರು ಒಡೆಯಲು ನೋಡಿದರು. ಕೊನೆಗೆ ಗೆದ್ದದ್ದು ಬೆಲ್ಜಿಯಂನ ಇಬ್ಬರ ವಿಧಾನ, 2001ರಲ್ಲಿ ಅದೇ ಮಾನಕ ಆಯಿತು. ಅಲ್ಲಿಂದ ಇಲ್ಲಿಯವರೆಗೆ, ಕೀಗಳನ್ನೆಲ್ಲ ತಡಕಾಡುವುದಕ್ಕಿಂತ ಹೇಳಿಕೊಳ್ಳುವಷ್ಟು ಹತ್ತಿರದ ದಾರಿ ಯಾರಿಗೂ ಸಿಕ್ಕಿಲ್ಲ.

ಕೆಲವು ಬ್ರೌಸರ್‌ಗಳಲ್ಲಿ ಕಾಣುವ ಬೀಗದ ಚಿತ್ರದ ಬಗ್ಗೆಯೂ ಕೇಳುತ್ತಾರೆ. ಅದು ಹೇಳುವುದು ಇಷ್ಟೇ: ನೀವು ಈ ವಿಳಾಸದ ಜೊತೆ ಆಡುವ ಮಾತು ದಾರಿಯಲ್ಲಿ ಯಾರಿಗೂ ಕೇಳುವುದಿಲ್ಲ. ಆ ವಿಳಾಸದಲ್ಲಿ ಕೂತಿರುವವನು ಒಳ್ಳೆಯವನೋ ಮೋಸಗಾರನೋ, ಅದು ಹೇಳುವುದಿಲ್ಲ.

ವಿಧಾನ ಗಟ್ಟಿ ಇದ್ದರೂ ಕೀ ಊಹಿಸಲು ಸಿಕ್ಕರೆ ಮುಗಿಯಿತು. ಕೀ ಹುಟ್ಟಬೇಕಾದದ್ದು ಯಾದೃಚ್ಛಿಕವಾಗಿ, ಅಂದರೆ ಯಾವ ಕ್ರಮವೂ ಇಲ್ಲದೆ, ದಾಳ ಉರುಳಿಸಿದ ಹಾಗೆ. 2006ರಲ್ಲಿ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ತಂತ್ರಾಂಶದಲ್ಲಿ ಬೇಡ ಅಂತ ಕಂಡ ಕೆಲವೇ ಸಾಲು ಕೋಡ್ ತೆಗೆದರು. ಆ ಸಾಲುಗಳೇ ದಾಳ ಉರುಳಿಸುತ್ತಿದ್ದವು! ಒಂದೇ ಬಗೆಯ ಯಂತ್ರದಲ್ಲಿ, ಒಂದೇ ಅಳತೆಯ ಕೀಗೆ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದವು. ಗಣಿತ ಎಳ್ಳಷ್ಟೂ ಬದಲಾಗಿರಲಿಲ್ಲ. 2008ರ ಮೇ ತಿಂಗಳಲ್ಲಿ ತಪ್ಪು ಬಯಲಾದಾಗ ಎಷ್ಟೋ ಸರ್ವರ್‌ಗಳ ಕೀ ಬದಲಿಸಬೇಕಾಯಿತು.

ಇನ್ನು ಅಣುಲೋಕದ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಕ್ವಾಂಟಮ್ ಕಂಪ್ಯೂಟರ್ ಬಂದರೆ ಏನು ಗತಿ? ಅವು ಸಾಕಷ್ಟು ದೊಡ್ಡದಾದರೆ ಆರ್‌ಎಸ್‌ಎ ಥರದ, ಬೀಗ ಹಾಕುವ ಕೀ ಎಲ್ಲರಿಗೂ ಗೊತ್ತಿದ್ದು ತೆಗೆಯುವ ಕೀ ಮಾತ್ರ ಗುಟ್ಟಾಗಿರುವ ವಿಧಾನಗಳು ಬೀಳುತ್ತವೆ. ಅದಕ್ಕೇ 2016ರಿಂದ ಹೊಸ ವಿಧಾನಗಳ ಹುಡುಕಾಟ ನಡೆದು, 2024ರಲ್ಲಿ ಮೊದಲ ಮಾನಕಗಳು ಬಂದವು. ನಡುವೆ 'ಸೈಕ್' ಎಂಬ ವಿಧಾನವೂ ಕೊನೆಯ ಸುತ್ತುಗಳವರೆಗೆ ಬಂದಿತ್ತು. 2022ರಲ್ಲಿ ಇಬ್ಬರು ಗಣಿತಜ್ಞರು ಅದರ ಚಿಕ್ಕ ರೂಪವನ್ನು ಕಂಪ್ಯೂಟರ್‌ನ ಒಂದೇ ಒಂದು ಕೋರ್ (ಲೆಕ್ಕ ಮಾಡುವ ಘಟಕ) ಬಳಸಿ ಸುಮಾರು ಒಂದು ಗಂಟೆಯಲ್ಲಿ ಒಡೆದರು. ಅದನ್ನು ಮುಚ್ಚಿಟ್ಟಿದ್ದರೆ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.