ಹೆಸರು ಅಳಿಸಿದರೂ ಊರಿಗೆ ಗುರುತು ಸಿಗುತ್ತದೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯ ಸುತ್ತಲಿನ ಗುಡ್ಡಗಳ ಗೇರು ತೋಟಗಳಿಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಅದರ ಪರಿಣಾಮವನ್ನು ಅರಿಯಲು 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಇಲ್ಲಿಗೆ ಬಂದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧವು ಇಲ್ಲಿನ 10ರಿಂದ 19 ವರ್ಷದೊಳಗಿನ 117 ಶಾಲಾ ಬಾಲಕರನ್ನು ಸಿಂಪಡಣೆಯ ಸೋಂಕಿಲ್ಲದ ಕಡೆಯ 90 ಬಾಲಕರೊಂದಿಗೆ ಹೋಲಿಸಿತು. ಪ್ರಾಯಕ್ಕೆ ಬರುವ ಹಂತಗಳನ್ನು ದೇಹಪರೀಕ್ಷೆಯಿಂದ ಗುರುತಿಸಿ, ರಕ್ತದಲ್ಲಿ ಟೆಸ್ಟೋಸ್ಟಿರೋನ್ ಮುಂತಾದ ಹಾರ್ಮೋನುಗಳನ್ನೂ ಎಂಡೋಸಲ್ಫಾನಿನ ಉಳಿಕೆಯನ್ನೂ ಅಳೆದ ಆ ಅಧ್ಯಯನ, ಈ ವಿಷವು ಗಂಡುಮಕ್ಕಳ ಲೈಂಗಿಕ ಬೆಳವಣಿಗೆಯನ್ನು ತಡವಾಗಿಸಬಹುದು ಎಂದು ಹೇಳಿತು. ಮಾದರಿ ಚಿಕ್ಕದೆಂಬುದನ್ನೂ ಲೇಖಕರೇ ಒಪ್ಪಿಕೊಂಡಿದ್ದರು.

ಇಂಥ ಅಧ್ಯಯನದ ಮೂಲ ದತ್ತಾಂಶವನ್ನು ಇತರ ವಿಜ್ಞಾನಿಗಳಿಗೆ ಕೊಡಬೇಕೇ? ಕೊಡಬೇಕೆಂಬುದಕ್ಕೆ ಬಲವಾದ ಕಾರಣವಿದೆ. ಕೀಟನಾಶಕದ ಹಾನಿ ಕುರಿತ ವಾದವಿವಾದ ದಶಕಗಳ ಕಾಲ ನಡೆಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಹಿಡಿಯಿತು. ಅಂಕಿಅಂಶಗಳನ್ನು ಬೇರೆಯವರೂ ಪರಿಶೀಲಿಸುವಂತಿದ್ದರೆ ಸಂಶಯ ಪಡುವವರಿಗೆ ಉತ್ತರ ಕೊಡುವುದು ಸುಲಭವಾಗುತ್ತದೆ, ಮುಂದೆ ಬೇರೆ ಪ್ರಶ್ನೆಗಳಿಗೂ ಅದೇ ರಕ್ತಪರೀಕ್ಷೆ ನೆರವಾಗುತ್ತದೆ, ಅದೇ ಮಕ್ಕಳ ಕೈಗೆ ಮತ್ತೆ ಸೂಜಿ ಚುಚ್ಚುವುದೂ ತಪ್ಪುತ್ತದೆ.

ಆದರೆ ಆ ಪಟ್ಟಿಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ವಯಸ್ಸು 16, ಎತ್ತರ, ತೂಕ, ಬೆಳವಣಿಗೆಯ ಹಂತ, ಹಾರ್ಮೋನಿನ ಪ್ರಮಾಣ. ಹೆಸರಿಲ್ಲ. ಊರ ಶಾಲೆಯಲ್ಲಿ ಆ ವಯಸ್ಸಿನ, ಆ ಎತ್ತರದ ಹುಡುಗ ಯಾರೆಂದು ನೆರೆಮನೆಯವರು ಒಂದೇ ಮಾತಿನಲ್ಲಿ ಹೇಳಬಲ್ಲರು. ಅವನ ಬೆಳವಣಿಗೆ ತಡವಾಗಿತ್ತೆಂಬ ಸುದ್ದಿ ಹತ್ತು ವರ್ಷಗಳ ಬಳಿಕ ಮದುವೆಯ ಮಾತುಕತೆಯಲ್ಲಿ ಮೇಲೆದ್ದರೆ ಅದರ ನೋವನ್ನು ಅನುಭವಿಸುವವರು ಯಾವ ವಿಜ್ಞಾನಿಯೂ ಅಲ್ಲ.

ದೊಡ್ಡ ಊರುಗಳಲ್ಲೂ ಈ ಅಪಾಯ ಕಡಿಮೆಯಿಲ್ಲ. 1990ರ ದಶಕದಲ್ಲಿ ಅಮೆರಿಕದ ಗಣಕ ವಿಜ್ಞಾನಿ ಲಟಾನ್ಯಾ ಸ್ವೀನಿ ಅವರು ಹೆಸರು ತೆಗೆದ ವಿಮಾ ದಾಖಲೆಗಳನ್ನು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿಯೊಂದಿಗೆ ಹೊಂದಿಸಿ, ಮೆಸಾಚುಸೆಟ್ಸ್ ರಾಜ್ಯಪಾಲರ ವೈದ್ಯಕೀಯ ದಾಖಲೆಯನ್ನೇ ಗುರುತಿಸಿ ತೋರಿಸಿದರು. ಅದಕ್ಕೆ ಬೇಕಾದದ್ದು ಜನ್ಮದಿನಾಂಕ, ಲಿಂಗ ಮತ್ತು ಅಂಚೆ ಸಂಖ್ಯೆ ಮಾತ್ರ.

ಹಾಗೆಂದು ದತ್ತಾಂಶವನ್ನು ಬೀರುವಿನಲ್ಲಿ ಬೀಗ ಹಾಕಿಡುವುದೂ ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ನಿಖರ ವಯಸ್ಸಿನ ಬದಲು ವಯೋಗುಂಪು ಕೊಡಬಹುದು, ವಾರ್ಡಿನ ಹೆಸರು ಬಿಡಬಹುದು, ಬೆರಳೆಣಿಕೆಯ ಜನರಿರುವ ಗುಂಪುಗಳನ್ನು ಒಟ್ಟಿಗೆ ಸೇರಿಸಬಹುದು. ಇದಕ್ಕೂ ಬೆಲೆ ತೆರಬೇಕಾಗುತ್ತದೆ. ಬೆಳವಣಿಗೆಯ ಅಧ್ಯಯನದಲ್ಲಿ ವಯಸ್ಸನ್ನು ಮಸುಕುಗೊಳಿಸಿದರೆ ಅಧ್ಯಯನದ ತಿರುಳೇ ಮಸುಕಾದೀತು. ಅಂಥಲ್ಲಿ ಪೂರ್ಣ ವಿವರವನ್ನು ಒಂದು ಸುರಕ್ಷಿತ ಕಂಪ್ಯೂಟರಿನಲ್ಲಿಟ್ಟು, ಅರ್ಜಿ ಹಾಕಿ ಅನುಮತಿ ಪಡೆದ ಸಂಶೋಧಕರು ಅಲ್ಲಿಯೇ ಲೆಕ್ಕ ಹಾಕಿ ಫಲಿತಾಂಶವನ್ನಷ್ಟೇ ಒಯ್ಯುವ ವ್ಯವಸ್ಥೆ ಹೆಚ್ಚು ಯೋಗ್ಯ.

ಇನ್ನು, ಆ ಅನುಮತಿಯನ್ನು ಯಾರು ಕೊಡಬೇಕೆಂಬುದೇ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ. ಅಮೆರಿಕದ ಹವಸುಪಾಯಿ ಬುಡಕಟ್ಟಿನವರು ತಮ್ಮನ್ನು ಕಾಡುತ್ತಿದ್ದ ಮಧುಮೇಹದ ಅಧ್ಯಯನಕ್ಕೆಂದು ರಕ್ತ ಕೊಟ್ಟಿದ್ದರು; ಅದೇ ರಕ್ತವನ್ನು ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಹಾಗೂ ಪೂರ್ವಜರ ವಲಸೆ ಕುರಿತ ಸಂಶೋಧನೆಗೂ ಬಳಸಿದ್ದು ತಿಳಿದಾಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2010ರಲ್ಲಿ, ಅಧ್ಯಯನ ನಡೆಸಿದ್ದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಪರಿಹಾರ ಕೊಟ್ಟು ಮಾದರಿಗಳನ್ನು ಹಿಂದಿರುಗಿಸಿತು. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಅವರಿಂದ 1951ರಲ್ಲಿ ಪಡೆದ ಕೋಶಗಳ ಜೀನೋಮ್ (ಸಮಗ್ರ ವಂಶವಾಹಿ) ಮಾಹಿತಿಯ ವಿಷಯದಲ್ಲಿ 2013ರಲ್ಲಿ ಆದ ಒಪ್ಪಂದದಂತೆ, ಸಂಶೋಧಕರ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಲ್ಯಾಕ್ಸ್ ಕುಟುಂಬದವರಿಗೂ ಸ್ಥಾನ ದೊರೆಯಿತು.

ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಸಮುದಾಯವನ್ನು ಸಂಶೋಧನೆಯಲ್ಲಿ ತೊಡಗಿಸಿಕೊಳ್ಳಬೇಕೆನ್ನುತ್ತದೆ. ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯ ಜತೆಗೆ ತಿಳಿವಳಿಕೆ ಬಂದ ಮಕ್ಕಳ ಸಮ್ಮತಿಯನ್ನೂ ಕೇಳುತ್ತದೆ. ಗಡಿನಾಡಿನಲ್ಲಿ ಇದು ಮಲಯಾಳದಲ್ಲಿ ಅಚ್ಚಾದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯುವ ಕೆಲಸವಲ್ಲ. ಮನೆಯಲ್ಲಿ ತುಳುವೋ ಕನ್ನಡವೋ ಮರಾಟಿಯೋ ಆಡುವ ತಾಯಿಗೆ, ರಕ್ತ ಎಷ್ಟು ಕಾಲ ಇರುತ್ತದೆ, ಯಾರ ಕೈಗೆ ಹೋಗಬಹುದು, ಬೇಡವೆಂದರೆ ಹಿಂಪಡೆಯಬಹುದೇ ಎಂಬುದನ್ನು ಆಶಾ ಕಾರ್ಯಕರ್ತೆ ಅವಳ ಮಾತಿನಲ್ಲೇ ಬಿಡಿಸಿ ಹೇಳಬೇಕು. ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಗ್ರಾಮಸಭೆಯ ಮುಂದಿಡಬೇಕು. ದತ್ತಾಂಶ ಕೇಳಿ ಹೊಸ ಅರ್ಜಿ ಬಂದಾಗ ಅದನ್ನು ತೀರ್ಮಾನಿಸುವ ಸಮಿತಿಯಲ್ಲಿ, ವೈದ್ಯರ ಮತ್ತು ವಿಜ್ಞಾನಿಗಳ ಪಕ್ಕದಲ್ಲಿ, ರಕ್ತ ಕೊಟ್ಟ ಊರಿನವರೇ ಆರಿಸಿದ ಇಬ್ಬರಾದರೂ ಕುಳಿತಿರಬೇಕು. ಬೇಡವೆನ್ನುವ ಅಧಿಕಾರವೂ ಅವರಿಗಿರಬೇಕು.